ಪತ್ರಿಕೆ ಕಳಕೊಂಡ ಸಂಪಾದಕ: ಸ್ವದೇಶಾಭಿಮಾನಿ ರಾಮಕೃಷ್ಣ ಪಿಳ್ಳೆ

ಕಣ್ಣೂರಿನ ಪಯ್ಯಾಂಬಲಂ ಕಡಲ ತಡಿಗೆ ನಮ್ಮವರಲ್ಲಿ ಅನೇಕರು ಹೋಗಿ ಬಂದಿದ್ದಾರೆ. ಅಲ್ಲಿ ರಾಜಕೀಯ ಧುರೀಣರ ಸಮಾಧಿಗಳ ನಡುವೆ ಒಬ್ಬ ಪತ್ರಿಕಾ ಸಂಪಾದಕರ ಸ್ಮಾರಕವೂ ಇದೆ. ಅದು 'ಸ್ವದೇಶಾಭಿಮಾನಿ' ಎಂಬ ಹೆಸರಿನಿಂದಲೇ ಪ್ರಸಿದ್ಧರಾದ ಕೆ. ರಾಮಕೃಷ್ಣ ಪಿಳ್ಳೆಯವರದು. ಮಂಗಳೂರಿನಿಂದ ಹೊರಡುತ್ತಿದ್ದ ಅದೇ ಹೆಸರಿನ ಕನ್ನಡ ವಾರಪತ್ರಿಕೆ ಬೇರೆ, ಇವರ ಮಲಯಾಳ ಪತ್ರಿಕೆ ಬೇರೆ.

ಪಿಳ್ಳೆಯವರು ಜನಿಸಿದ್ದು 1878ರ ಮೇ 25ರಂದು, ತಿರುವಾಂಕೂರು ಸಂಸ್ಥಾನದ ನೆಯ್ಯಾಟಿನ್‌ಕರದಲ್ಲಿ. ತಿರುವನಂತಪುರದಲ್ಲಿ ಬಿ.ಎ. ವರೆಗೆ ಓದಿದರು. ಅಂದು ಬಿ.ಎ. ಆದವನಿಗೆ ಸರಕಾರಿ ಉದ್ಯೋಗ ದೊರಕುವುದು ಕಷ್ಟವಿರಲಿಲ್ಲ. ಆದರೆ ವಿದ್ಯಾರ್ಥಿಯಾಗಿರುವಾಗಲೇ ಅವರಿಗೆ ಪತ್ರಿಕೆಯ ಗೀಳು ಹಿಡಿದಿತ್ತು. ಓದಿಸಿದ ಸೋದರಮಾವನಿಗೆ ಇದು ಹಿಡಿಸಲಿಲ್ಲ. ಮನಸ್ತಾಪ ಬೆಳೆದು ಪಿಳ್ಳೆಯವರು ಮನೆ ಬಿಟ್ಟರು.

ಮುಂದಿನ ಕೆಲವು ವರ್ಷ ಅವರು ಒಂದೇ ಕಡೆ ನೆಲೆ ನಿಂತದ್ದಿಲ್ಲ. 'ಕೇರಳ ದರ್ಪಣಂ', 'ಕೇರಳ ಪಂಚಿಕ', 'ಮಲಯಾಳಿ' ಎಂದು ಪತ್ರಿಕೆಯಿಂದ ಪತ್ರಿಕೆಗೆ ಸಾಗಿದರು. ಸಂಸ್ಥಾನದ ಆಡಳಿತವನ್ನು ಟೀಕಿಸಿ ಬರೆದರೆ ಮಾಲಿಕರಿಗೆ ಕಳವಳ. ಬರೆಯದಿರಲು ಇವರಿಗೆ ಮನಸ್ಸಿಲ್ಲ. ಕೊನೆಗೆ 'ಕೇರಳನ್' ಎಂಬ ಸ್ವಂತ ಪತ್ರಿಕೆ ಹೊರಡಿಸಿದರು. ಅದೂ ಬಹುಕಾಲ ಬಾಳಲಿಲ್ಲ.

ಆಗ ದೊರೆತವರು ವಕ್ಕಂ ಅಬ್ದುಲ್ ಖಾದರ್ ಮೌಲವಿ. ಇಸ್ಲಾಂ ಧರ್ಮದ ವಿದ್ವಾಂಸರೂ ಸಮಾಜ ಸುಧಾರಕರೂ ಆದ ಮೌಲವಿಯವರು 1905ರ ಜನವರಿಯಲ್ಲಿ ಅಂಜುತೆಂಗಿನಲ್ಲಿ 'ಸ್ವದೇಶಾಭಿಮಾನಿ'ಯನ್ನು ಆರಂಭಿಸಿದ್ದರು. 1906ರಲ್ಲಿ ಸಂಪಾದಕತ್ವವನ್ನು ಪಿಳ್ಳೆಯವರಿಗೆ ಒಪ್ಪಿಸಿ, ಬರವಣಿಗೆಯಲ್ಲಿ ಪೂರ್ಣ ಸ್ವಾತಂತ್ರ್ಯ ಕೊಟ್ಟರು. ಬಂಡವಾಳ ಹಾಕಿದವರು ಲೇಖನಿಗೆ ಕೈಯಿಕ್ಕದಿರುವುದು ಅಂದಿಗೂ ಇಂದಿಗೂ ಅಪರೂಪವೇ.

1907ರಲ್ಲಿ ಪತ್ರಿಕೆ ತಿರುವನಂತಪುರಕ್ಕೆ ಬಂತು. ದಿವಾನ ಪಿ. ರಾಜಗೋಪಾಲಾಚಾರಿಯವರ ಆಡಳಿತವನ್ನೂ ಅಧಿಕಾರಿಗಳ ಭ್ರಷ್ಟಾಚಾರವನ್ನೂ ಪಿಳ್ಳೆಯವರು ನಿರ್ದಾಕ್ಷಿಣ್ಯವಾಗಿ ಖಂಡಿಸಿದರು. ಪರಿಣಾಮ 1910ರ ಸಪ್ಟೆಂಬರ್ 26ರಂದು ಬಂತು. ಮಹಾರಾಜರ ಆಜ್ಞೆಯಂತೆ ಪೋಲೀಸರು ಅಚ್ಚುಕೂಟವನ್ನು ಮುಟ್ಟುಗೋಲು ಹಾಕಿದರು. ಸಂಪಾದಕರನ್ನು ಬಂಧಿಸಿ ಸಂಸ್ಥಾನದ ಗಡಿಯಾಚೆ ಬಿಟ್ಟು ಬಂದರು. ವಿಚಾರಣೆ ನಡೆಯಲಿಲ್ಲ. ಬಹಳಷ್ಟು ಹಣ ಹಾಕಿದ್ದ ಮೌಲವಿಯವರು ಯಂತ್ರವನ್ನು ಕಳಕೊಂಡರೂ ಸಂಪಾದಕರನ್ನು ದೂರಲಿಲ್ಲ.

ಮತ್ತೆಂದೂ ಪಿಳ್ಳೆಯವರು ಹುಟ್ಟಿದ ನಾಡಿಗೆ ಮರಳಲಿಲ್ಲ. ಮದರಾಸು, ಪಾಲಕ್ಕಾಡು, ಕೊನೆಗೆ ಕಣ್ಣೂರು - ಹೀಗೆ ಆರು ವರ್ಷ ಕಳೆಯಿತು. ಗಡೀಪಾರಿನ ವೃತ್ತಾಂತವನ್ನು ಪುಸ್ತಕವಾಗಿ ಬರೆದರು. 1912ರಲ್ಲಿ ಕಾರ್ಲ್ ಮಾರ್ಕ್ಸರ ಜೀವನ ಚರಿತ್ರೆಯನ್ನು ಮಲಯಾಳದಲ್ಲಿ ಹೊರತಂದರು. ಅದೇ ವರ್ಷ ಬಂದ 'ವೃತ್ತಾಂತಪತ್ರಪ್ರವರ್ತನಂ' ಪತ್ರಿಕಾ ವ್ಯವಸಾಯವನ್ನು ಕುರಿತು ಮಲಯಾಳದಲ್ಲಿ ಬಂದ ಮೊದಲ ಶಾಸ್ತ್ರೀಯ ಗ್ರಂಥ. ಕೈಯಲ್ಲಿ ಪತ್ರಿಕೆಯೇ ಇಲ್ಲದಾಗ, ಕಲಿತ ವಿದ್ಯೆಯನ್ನು ಮುಂದಿನವರಿಗೆಂದು ಬರೆದಿಟ್ಟರು.

ಈ ದಿನಗಳಲ್ಲಿ ಸಂಸಾರಕ್ಕೆ ಆಧಾರವಾಗಿದ್ದವರು ಪತ್ನಿ ಬಿ. ಕಲ್ಯಾಣಿ ಅಮ್ಮ. ಸ್ವತಃ ಲೇಖಕಿಯಾಗಿದ್ದ ಅವರಿಗೆ ಕಣ್ಣೂರಿನ ಶಾಲೆಯಲ್ಲಿ ಉಪಾಧ್ಯಾಯಿನಿಯ ಕೆಲಸ ದೊರೆತುದರಿಂದಲೇ ಕುಟುಂಬ ಅಲ್ಲಿಗೆ ಬಂದುದು. ಕ್ಷಯರೋಗದಿಂದ ಬಳಲುತ್ತಿದ್ದ ಪಿಳ್ಳೆಯವರು 1916ರ ಮಾರ್ಚ್ 28ರಂದು ತೀರಿಕೊಂಡರು. ಆಗ ಅವರಿಗೆ ಮೂವತ್ತೆಂಟು ತುಂಬಿರಲಿಲ್ಲ. ದಾಂಪತ್ಯದ ಹನ್ನೆರಡು ವರ್ಷಗಳನ್ನು ಕಲ್ಯಾಣಿ ಅಮ್ಮನವರು ಗುರುಗ್ರಹದ ಒಂದು ಸುತ್ತಿಗೆ ಹೋಲಿಸಿ, 'ವ್ಯಾಳವಟ್ಟ ಸ್ಮರಣಕಳ್' ಎಂಬ ಕೃತಿಯಲ್ಲಿ ನೆನೆದಿದ್ದಾರೆ.

ಪಿಳ್ಳೆಯವರ ಲೇಖನಿ ದೋಷರಹಿತವಾಗಿತ್ತೆಂದು ಹೇಳಲಾಗದು. ಪುಲಯರ ಮಕ್ಕಳನ್ನು ಮೇಲ್ಜಾತಿಯವರ ಮಕ್ಕಳೊಂದಿಗೆ ಕೂರಿಸಿ ಕಲಿಸುವುದನ್ನು ವಿರೋಧಿಸಿ ಅವರು 1910ರಲ್ಲಿ ಬರೆದದ್ದು ಅವರ ಹೆಸರಿಗೆ ಕಳಂಕವಾಗಿ ಉಳಿದಿದೆ. ಅರಸೊತ್ತಿಗೆಗೆ ಅಂಜದವರು ಜಾತಿಯ ಕಟ್ಟನ್ನು ಮೀರಲಾರದೆ ಹೋದರು. ಅವರನ್ನು ಗೌರವಿಸುವವರು ಇದನ್ನೂ ತಿಳಿದಿರಬೇಕು.

ಗಡೀಪಾರು ಮಾಡಿದ ತಿರುವನಂತಪುರದಲ್ಲಿಯೇ 1957ರಲ್ಲಿ ಅವರ ಪ್ರತಿಮೆ ಸ್ಥಾಪನೆಯಾಯಿತು. ಪತ್ರಕರ್ತರಿಗೆ ಕೇರಳ ಸರಕಾರ ಕೊಡುವ ಉನ್ನತ ಪುರಸ್ಕಾರ ಸ್ವದೇಶಾಭಿಮಾನಿಯ ಹೆಸರನ್ನು ಹೊತ್ತಿದೆ. ಇಂದು ಚಂದಾದಾರರು ಕಡಿಮೆಯಾಗಿ ಊರೂರಿನ ಸಣ್ಣ ಪತ್ರಿಕೆಗಳು ಒಂದೊಂದಾಗಿ ನಿಲ್ಲುತ್ತಿವೆ. ಹೀಗಿರುವಾಗ ಈ ವೃತ್ತಿಗೆ ಇಳಿಯಬೇಕೆನ್ನುವ ಮಕ್ಕಳ ಬಗ್ಗೆ ಮನೆಯವರು ಚಿಂತಿಸುವುದು ಸಹಜ. ಪಿಳ್ಳೆಯವರ ಬಾಳು ಆ ಚಿಂತೆಯನ್ನು ಸುಳ್ಳು ಮಾಡುವುದಿಲ್ಲ. ಅವರ ಧೈರ್ಯದ ಬೆಲೆಯನ್ನು ಮೌಲವಿಯವರೂ ಕಲ್ಯಾಣಿ ಅಮ್ಮನವರೂ ಹಂಚಿಕೊಂಡು ತೆತ್ತರು. ಪತ್ರಿಕೆ ನಡೆಸುವವರ ಜತೆಗೆ ಅಂಥವರೂ ಇದ್ದರೆ ಮಾತ್ರ ಈ ಕೆಲಸ ಮುಂದೆ ಸಾಗೀತು.