ವಿದ್ಯಾಸುಂದರಿ ಬೆಂಗಳೂರು ನಾಗರತ್ನಮ್ಮನವರು

ನಮ್ಮ ಹಿಂದೂಪುರ, ಕಲ್ಯಾಣದುರ್ಗದ ಕಡೆ ನಮಗೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಎರಡೂ ನಮ್ಮವೇ. ಭಜನೆಗೆ ಕುಳಿತರೆ ಪುರಂದರದಾಸರ ಪದದ ಹಿಂದೆಯೇ ತ್ಯಾಗರಾಜರ ಕೀರ್ತನೆ ಬರುತ್ತದೆ. ಕನ್ನಡ ನಾಡಿನಲ್ಲಿ ಹುಟ್ಟಿ, ತೆಲುಗು ಕೀರ್ತನೆಗಳನ್ನು ಹಾಡಿ, ತಮಿಳು ನಾಡಿನ ಕಾವೇರಿ ತೀರದಲ್ಲಿ ಕಣ್ಮುಚ್ಚಿದ ಒಬ್ಬ ಮಹಾತಾಯಿಯ ಜೀವನವನ್ನು ನಾವು ಇಲ್ಲಿ ಸ್ಮರಿಸೋಣ.

ನಾಗರತ್ನಮ್ಮನವರು 1878ನೆಯ ಇಸವಿ ನವೆಂಬರ್ 3ರಂದು ಮೈಸೂರು ಸೀಮೆಯ ನಂಜನಗೂಡಿನಲ್ಲಿ ಜನಿಸಿದರು. ತಾಯಿ ಪುಟ್ಟಲಕ್ಷ್ಮಮ್ಮನವರು ದೇವದಾಸಿ ಕುಲದವರು. ವಕೀಲರಾಗಿದ್ದ ತಂದೆ ಕೈಬಿಟ್ಟಿದ್ದರಿಂದ ತಾಯಿ ಮಗಳಿಬ್ಬರೂ ದಿಕ್ಕಿಲ್ಲದವರಾದರು. ಮೈಸೂರಿನ ಆಸ್ಥಾನ ವಿದ್ವಾಂಸರಾದ ಗಿರಿಭಟ್ಟ ತಿಮ್ಮಯ್ಯ ಶಾಸ್ತ್ರಿಗಳ ಬಳಿ ಬಾಲಕಿಗೆ ಸಂಸ್ಕೃತ ಪಾಠವಾಯಿತು. ಆದರೆ ಕೆಲವು ವರ್ಷಗಳಲ್ಲೇ ಆ ಆಶ್ರಯವೂ ತಪ್ಪಿತು. ತಾಯಿ ಧೈರ್ಯಗೆಡಲಿಲ್ಲ. ಮಗಳನ್ನು ವಿದ್ಯಾವಂತೆಯನ್ನಾಗಿ ಮಾಡಿಯೇ ತೀರಬೇಕೆಂಬ ಛಲ ಅವರದು. ಊರೂರು ತಿರುಗಿ ಕೊನೆಗೆ ಬೆಂಗಳೂರಿಗೆ ಬಂದರು. ಅಲ್ಲಿ ತ್ಯಾಗರಾಜರ ಶಿಷ್ಯ ಪರಂಪರೆಗೆ ಸೇರಿದ ಮುನಿಸ್ವಾಮಪ್ಪನವರು ಗುರುಗಳಾಗಿ ದೊರೆತರು. ಸಂಗೀತದೊಡನೆ ಕನ್ನಡ, ತೆಲುಗು, ಇಂಗ್ಲಿಷ್ ಕಲಿಕೆಯೂ ನಡೆಯಿತು. ಅಷ್ಟರಲ್ಲಿ, ನಮ್ಮ ಹೈಸ್ಕೂಲು ಮಕ್ಕಳ ವಯಸ್ಸಿನಲ್ಲೇ, ಅವರು ತಾಯಿಯನ್ನು ಕಳೆದುಕೊಂಡರು.

ಆದರೂ ಸಾಧನೆ ನಿಲ್ಲಲಿಲ್ಲ. ಮೈಸೂರು ಅರಮನೆಯಲ್ಲಿ ಹಾಡಿ ಮನ್ನಣೆ ಪಡೆದರು. ಮುಂದೆ ಮದರಾಸಿಗೆ ಹೋಗಿ ನೆಲೆಸಿದರು. ದಕ್ಷಿಣ ದೇಶದ ಊರೂರುಗಳಲ್ಲಿ ಅವರು ಮಾಡಿದ ಕಚೇರಿಗಳು ಸಾವಿರಕ್ಕೂ ಹೆಚ್ಚು. ಮದರಾಸಿನ ಕಲಾವಿದೆಯರಲ್ಲಿ ಮೊದಲಿಗೆ ಆದಾಯ ತೆರಿಗೆ ಕಟ್ಟಿದವರು ಅವರೇ ಎಂದು ಪ್ರತೀತಿ. ಹೆಸರು, ಹಣ ಎರಡೂ ಕೈಗೂಡಿದ್ದವು. ಇಷ್ಟಕ್ಕೇ ತೃಪ್ತರಾಗಿದ್ದರೆ ಅವರು ಒಬ್ಬ ದೊಡ್ಡ ಗಾಯಕಿಯಾಗಿ ಮಾತ್ರ ಉಳಿಯುತ್ತಿದ್ದರು.

ಅವರ ಮೊದಲ ಹೋರಾಟ ಒಂದು ಪುಸ್ತಕಕ್ಕಾಗಿ. 18ನೆಯ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿ ರಾಧಿಕಾ ಸಾಂತ್ವನಮು ಎಂಬ ತೆಲುಗು ಕಾವ್ಯವನ್ನು ರಚಿಸಿದ್ದಳು. ಆಗ ದೊರೆಯುತ್ತಿದ್ದ ಅಚ್ಚಿನ ಪ್ರತಿಯಲ್ಲಿ ಹಲವು ಪದ್ಯಗಳೂ, ಕವಯಿತ್ರಿ ತನ್ನ ಬಗ್ಗೆ ಹೇಳಿಕೊಂಡ ಭಾಗವೂ ಬಿಟ್ಟುಹೋಗಿದ್ದವು. ನಾಗರತ್ನಮ್ಮನವರು ಹಸ್ತಪ್ರತಿ ಹುಡುಕಿ, ಪರಿಷ್ಕರಿಸಿ, 1910ರಲ್ಲಿ ವಾವಿಳ್ಳ ಪ್ರಕಾಶನದ ಮೂಲಕ ಪೂರ್ಣ ಕಾವ್ಯವನ್ನು ಹೊರತಂದರು. ಆ ಶೃಂಗಾರ ಹೆಂಗಸು ಬರೆಯತಕ್ಕದ್ದಲ್ಲವೆಂದು ಕಂದುಕೂರಿ ವೀರೇಶಲಿಂಗಂ ಪಂತುಲು ಅವರಂಥ ಹಿರಿಯರೇ ಆಕ್ಷೇಪಿಸಿದ್ದರು. ಗಂಡಸರ ಕಾವ್ಯಕ್ಕೆ ಒಪ್ಪುವುದು ಹೆಂಗಸಿನ ಕಾವ್ಯಕ್ಕೆ ಮಾತ್ರ ಏಕೆ ಒಪ್ಪದು ಎಂಬುದು ನಾಗರತ್ನಮ್ಮನವರ ನೇರವಾದ ಪ್ರಶ್ನೆ. ಬ್ರಿಟಿಷ್ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ಟಂಗುಟೂರಿ ಪ್ರಕಾಶಂ ಪಂತುಲು ಅವರು ಮದರಾಸು ಪ್ರಾಂತದ ಸರ್ಕಾರದ ಮುಖ್ಯಸ್ಥರಾದ ಮೇಲೆಯೇ ಆ ನಿಷೇಧ ತೊಲಗಿದ್ದು.

ಎರಡನೆಯ ಹೋರಾಟ ಇನ್ನೂ ದೊಡ್ಡದು. ತ್ಯಾಗರಾಜರು 1847ರಲ್ಲಿ ತಿರುವೈಯಾರಿನಲ್ಲಿ ಸಮಾಧಿ ಹೊಂದಿದರು. ಕಾಲ ಕಳೆದಂತೆ ಆ ಸ್ಥಳ ಹಾಳುಬಿದ್ದಿತ್ತು. ಈ ಸಂಗತಿಯನ್ನು ಮೈಸೂರಿನ ಬಿಡಾರಂ ಕೃಷ್ಣಪ್ಪನವರಿಂದ ತಿಳಿದ ನಾಗರತ್ನಮ್ಮನವರು ತಡಮಾಡಲಿಲ್ಲ. ಹಾಡಿ ಗಳಿಸಿದ ಹಣವನ್ನೆಲ್ಲ ಅಲ್ಲಿಗೆ ಸುರಿದರು. ನೆಲ ಕೊಂಡು, 1921ರಲ್ಲಿ ಕೆಲಸ ಆರಂಭಿಸಿ, ಗುಡಿ ಕಟ್ಟಿಸಿ, 1925ರಲ್ಲಿ ಪ್ರತಿಷ್ಠೆ ನೆರವೇರಿಸಿದರು.

ಆದರೆ ಪ್ರತಿ ವರ್ಷ ಪುಷ್ಯ ಬಹುಳ ಪಂಚಮಿಯಂದು ಆರಾಧನೆ ನಡೆಸುತ್ತಿದ್ದ ವಿದ್ವಾಂಸರು ಅಲ್ಲಿ ಹೆಂಗಸರು ಹಾಡಲು ಎಡೆಗೊಡುತ್ತಿರಲಿಲ್ಲ. ವಿಚಿತ್ರವನ್ನು ನೋಡಿ! ಗುಡಿ ಕಟ್ಟಿಸಿದವರಿಗೇ ಗುಡಿಯ ಮುಂದೆ ಕುಳಿತು ಹಾಡುವ ಹಕ್ಕಿಲ್ಲ! ನಾಗರತ್ನಮ್ಮನವರು ಗುಡಿಯ ಬಾಗಿಲು ಮುಚ್ಚಿಸಲಿಲ್ಲ, ಆರಾಧನೆಯನ್ನು ಕೆಡಿಸಲಿಲ್ಲ. ಕಲಾವಿದೆಯರನ್ನು ಕೂಡಿಸಿಕೊಂಡು ಗುಡಿಯ ಹಿಂಭಾಗದಲ್ಲಿ ಬೇರೆಯೇ ಆರಾಧನೆ ನಡೆಸಿದರು. ಗಂಡಸರ ಎರಡು ಪಕ್ಷಗಳ ಜೊತೆಗೆ ಹೆಂಗಸರ ಪಕ್ಷ ಮೂರನೆಯದಾಯಿತು. ವರ್ಷದಿಂದ ವರ್ಷಕ್ಕೆ ಅದು ಬೆಳೆಯಿತು. ಕೊನೆಗೆ 1941ರ ಹೊತ್ತಿಗೆ ಮೂರೂ ಪಕ್ಷಗಳು ಒಂದಾದವು. ಹೆಂಗಸರೂ ಸಮಾಧಿಯ ಮುಂದೆ ಕುಳಿತು ಹಾಡಿದರು.

ಮೂರನೆಯ ಸಂಗತಿಯನ್ನು ಹೇಳದೆ ಬಿಡುವುದು ನ್ಯಾಯವಲ್ಲ. ದೇವರಿಗೆ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿ ನಿಲ್ಲಬೇಕೆಂದು ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು 1927ರಲ್ಲಿ ಮದರಾಸು ಶಾಸನಸಭೆಯಲ್ಲಿ ಎತ್ತಿದ ಪ್ರಸ್ತಾಪವನ್ನು ನಾಗರತ್ನಮ್ಮನವರು ವಿರೋಧಿಸಿದರು. ಕುಲದ ಎಲ್ಲ ಹೆಂಗಸರನ್ನೂ ಒಂದೇ ಮಾತಿನಲ್ಲಿ ಹೀನೈಸುವುದು, ಅವರ ಕಲೆ ಮತ್ತು ಆಸ್ತಿಯ ಹಕ್ಕನ್ನು ಕಸಿಯುವುದು ಸರಿಯಲ್ಲವೆಂಬುದು ಅವರ ವಾದ. ಮುತ್ತುಲಕ್ಷ್ಮಿಯವರ ತಾಯಿಯೂ ದೇವದಾಸಿ ಕುಲದವರೇ. ಒಬ್ಬರಿಗೆ ಮಕ್ಕಳ ಬಾಳಿನ ಚಿಂತೆ, ಇನ್ನೊಬ್ಬರಿಗೆ ಕಲಾವಿದೆಯರ ಮಾನದ ಚಿಂತೆ. 1947ರಲ್ಲಿ ಕಾನೂನು ಬಂತು. ನಮ್ಮ ಅನಂತಪುರ ಸೀಮೆಯಲ್ಲೂ ಬಸವಿ ಬಿಡುವ ಪದ್ಧತಿ ಇತ್ತು. 1988ರಲ್ಲಿ ಆಂಧ್ರಪ್ರದೇಶ ಸರ್ಕಾರ ಮತ್ತೆ ಕಾನೂನು ಮಾಡಬೇಕಾಯಿತು. ಕಾನೂನು ಬೇಕೇ ಬೇಕು. ಆದರೆ ಆ ಪದ್ಧತಿಗೆ ಸಿಕ್ಕಿದ ಹೆಣ್ಣುಮಕ್ಕಳನ್ನು ನಾವು ಹಂಗಿಸಬಾರದು. ಈ ಎರಡನ್ನೂ ನಾವು ಒಟ್ಟಿಗೆ ಕಲಿಯಬೇಕಾಗಿದೆ.

ಕೊನೆಗಾಲದಲ್ಲಿ ನಾಗರತ್ನಮ್ಮನವರು ವೈಭವವನ್ನೆಲ್ಲ ತೊರೆದು ತಿರುವೈಯಾರಿನಲ್ಲಿ ಸರಳವಾಗಿ ಬಾಳಿದರು. ತಮ್ಮ ಆಸ್ತಿಯನ್ನು ಉಯಿಲಿನ ಮೂಲಕ ಸಮಾಧಿಯ ಸೇವೆಗೆ ಬರೆದಿಟ್ಟರು. ಅಲ್ಲಿ ಹಾಡಲು ಹೆಂಗಸರಿಗೆ ಅಡ್ಡಿಯಿರಕೂಡದೆಂಬ ಷರತ್ತನ್ನೂ ಹಾಕಿದರು. 1952ರ ಮೇ 19ರಂದು ತಮ್ಮ 73ನೆಯ ವಯಸ್ಸಿನಲ್ಲಿ ತೀರಿಕೊಂಡರು. ತ್ಯಾಗರಾಜರ ಸಮಾಧಿಯ ಎದುರಿನಲ್ಲೇ ಅವರ ಸ್ಮಾರಕವಿದೆ. ಕೈಮುಗಿದು ಕುಳಿತ ಭಂಗಿಯ ವಿಗ್ರಹ ಅದು.

ತಂದೆಯ ಆಸರೆಯಿಲ್ಲದ, ಬಡತನದಲ್ಲಿ ಬೆಳೆದ ಹುಡುಗಿಗೆ ತಾಯಿ ಕೊಟ್ಟ ಆಸ್ತಿ ವಿದ್ಯೆಯೊಂದೇ. ಆ ವಿದ್ಯೆಯಿಂದ ಗಳಿಸಿದ್ದನ್ನು ಮಗಳು ಗುಡಿಗೆ ಕೊಟ್ಟರು, ಗೆದ್ದ ಹಕ್ಕನ್ನು ಮುಂದಿನ ಹೆಣ್ಣುಮಕ್ಕಳಿಗೆ ಬಿಟ್ಟುಹೋದರು. ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಹುಡುಗಿಯರು ಪ್ರಾರ್ಥನೆ ಹಾಡಲು ವೇದಿಕೆ ಹತ್ತುವಾಗ ತಡೆಯುವವರು ಯಾರೂ ಇಲ್ಲ. ಹೀಗೆ ತಡೆಯಿಲ್ಲದಂತೆ ಆಗಬೇಕಾದರೆ ಯಾರೋ ಒಬ್ಬರು ವರ್ಷಗಟ್ಟಲೆ ಗುಡಿಯ ಹಿಂದೆ ಕುಳಿತು ಹಾಡಬೇಕಾಯಿತು. ಇದನ್ನು ನಾವು ಮರೆಯದಿರೋಣ.