ಎಚ್ಚರಿಸಿದ ಸೇನಾನಿ: ಕೊಡಗಿನ ಜನರಲ್ ತಿಮ್ಮಯ್ಯ

ಮಡಿಕೇರಿಗೆ ಪ್ರವಾಸ ಹೋಗುವ ನಮ್ಮ ಕರಾವಳಿಯ ಕುಟುಂಬಗಳು ರಾಜಾಸೀಟ್, ಅಬ್ಬಿ ಜಲಪಾತ ನೋಡಿ ಮರಳುವುದೇ ಹೆಚ್ಚು. ಅದೇ ಊರಿನ ಸನ್ನಿ ಸೈಡ್ ಎಂಬ ಮನೆಗೂ ಒಮ್ಮೆ ಭೇಟಿ ನೀಡುವುದು ಒಳ್ಳೆಯದು. ಅದು ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಮನೆ. 2021ರಿಂದ ಅಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ.

1906ರಲ್ಲಿ ಜನಿಸಿದ ತಿಮ್ಮಯ್ಯನವರನ್ನು ಎಂಟನೇ ವಯಸ್ಸಿನಲ್ಲಿ ಕೂನೂರಿನ ಸಂತ ಜೋಸೆಫರ ಶಾಲೆಗೆ ಸೇರಿಸಲಾಯಿತು. ಐರಿಷ್ ಬ್ರದರ್‌ಗಳು ನಡೆಸುತ್ತಿದ್ದ ವಸತಿ ಶಾಲೆಯದು. ಮುಂದೆ ಬೆಂಗಳೂರು, ಡೆಹ್ರಾಡೂನ್, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. ಬರ್ಮಾದ ಕಾಳಗ, 1948ರ ನವೆಂಬರ್‌ನಲ್ಲಿ ಹಿಮದ ಜೋಜಿ ಲಾ ಕಣಿವೆಗೆ ಟ್ಯಾಂಕ್ ಏರಿಸಿದ ಸಾಹಸ ಕೊಡಗಿನ ಮಕ್ಕಳಿಗೂ ಗೊತ್ತು. ನಾವು ಇಲ್ಲಿ ನೆನೆಯುವುದು ಬೇರೊಂದು ಧೈರ್ಯವನ್ನು.

ಕೊರಿಯಾ ಯುದ್ಧದಲ್ಲಿ ಅಣುಬಾಂಬ್ ಬಳಕೆಯೂ ಪರಿಶೀಲನೆಯಲ್ಲಿದೆ ಎಂದು 1950ರ ನವೆಂಬರ್ 30ರಂದು ಅಮೆರಿಕದ ಅಧ್ಯಕ್ಷ ಟ್ರೂಮನ್ ಪತ್ರಕರ್ತರಿಗೆ ತಿಳಿಸಿದ್ದರು. ಜಗತ್ತು ಬೆಚ್ಚಿತ್ತು. ಮುಂದೆ ಸಂಧಾನ ಆರಂಭವಾದರೂ ತಾಯ್ನಾಡಿಗೆ ಮರಳಲೊಲ್ಲದ ಕೈದಿಗಳನ್ನು ಏನು ಮಾಡುವುದೆಂಬ ಒಂದೇ ಪ್ರಶ್ನೆಗೆ ಶಾಂತಿ ತಿಂಗಳುಗಟ್ಟಲೆ ಸಿಕ್ಕಿಕೊಂಡಿತು. 1952ರಲ್ಲಿ ವಿಶ್ವಸಂಸ್ಥೆಯಲ್ಲಿ ಭಾರತದ ಪರವಾಗಿ ಕೃಷ್ಣ ಮೆನನ್ ಮಂಡಿಸಿದ ಸೂತ್ರ ದಾರಿ ತೋರಿತು. 1953ರ ಜುಲೈ 27ರಂದು ಕದನವಿರಾಮವಾಯಿತು. ಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರೇ ಅಧ್ಯಕ್ಷರು.

ಅದು ಸುಖದ ಕುರ್ಚಿಯಲ್ಲ. ಭಾರತೀಯ ಸೈನಿಕರು ತನ್ನ ನೆಲ ಮೆಟ್ಟಕೂಡದೆಂದು ದಕ್ಷಿಣ ಕೊರಿಯಾ ಹಟ ಹಿಡಿದದ್ದರಿಂದ ಅವರನ್ನು ಹಡಗಿನಿಂದ ಹೆಲಿಕಾಪ್ಟರಿನಲ್ಲೇ ಸಾಗಿಸಬೇಕಾಯಿತು. ಆಯೋಗದಲ್ಲಿ ಸ್ವೀಡನ್, ಸ್ವಿಟ್ಜರ್‌ಲೆಂಡ್ ಒಂದು ಕಡೆ. ಪೋಲೆಂಡ್, ಜೆಕೊಸ್ಲೊವಾಕಿಯಾ ಇನ್ನೊಂದು ಕಡೆ. ನಡುವೆ ಭಾರತದ ಮತ. 22,000ಕ್ಕೂ ಹೆಚ್ಚು ಕೈದಿಗಳನ್ನು ಬಲವಂತವಾಗಿ ಎಳೆದೊಯ್ಯಲು ತಿಮ್ಮಯ್ಯ ಒಪ್ಪಲಿಲ್ಲ. ಎರಡೂ ಬಣಗಳಿಂದ ಬೈಗುಳ ಕೇಳಿದರು, ಆದರೆ ಕದನವಿರಾಮ ಮುರಿಯಲಿಲ್ಲ.

ಬಾಂಬ್ ಏನು ಮಾಡಬಲ್ಲದೆಂದು ಬಲ್ಲವರೇ ಮೊದಲು ಬಾಯಿಬಿಡಬೇಕೆಂದು 1955ರ ಜುಲೈನಲ್ಲಿ ರಸೆಲ್, ಐನ್‌ಸ್ಟೈನ್ ಮೊದಲಾದ 11 ಮಂದಿ ಸಹಿ ಹಾಕಿದ ಹೇಳಿಕೆ ಹೊರಬಂತು. ವಿಜ್ಞಾನಿಗಳಿಗಿದ್ದ ಈ ಹೊಣೆ ಯುದ್ಧ ಬಲ್ಲ ಸೈನಿಕರಿಗೂ ಇದೆಯಷ್ಟೆ.

1957ರಲ್ಲಿ ಭೂಸೇನೆಯ ಮುಖ್ಯಸ್ಥರಾದ ತಿಮ್ಮಯ್ಯನವರಿಗೆ ರಕ್ಷಣಾ ಸಚಿವರಾಗಿ ಎದುರಾದವರು ಅದೇ ಕೃಷ್ಣ ಮೆನನ್! ಭಿನ್ನಾಭಿಪ್ರಾಯ ಬೆಳೆದು 1959ರ ಆಗಸ್ಟ್ 31ರಂದು ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಒತ್ತಾಯಕ್ಕೆ ಹಿಂತೆಗೆದುಕೊಂಡರು. ಆಗಲೇ ಗಟ್ಟಿಯಾಗಿ ನಿಲ್ಲಬೇಕಿತ್ತು ಎನ್ನುವವರಿದ್ದಾರೆ. ಸಮವಸ್ತ್ರದಲ್ಲಿದ್ದವರು ಚುನಾಯಿತ ಸರಕಾರದೆದುರು ಬೀದಿಗಿಳಿಯದಿದ್ದುದೇ ಸರಿ ಎಂದು ನಮಗನಿಸುತ್ತದೆ. ನಿವೃತ್ತರಾದ ಮೇಲೆ ಅವರು ಸುಮ್ಮನಿರಲಿಲ್ಲ. 1962ರ ಜುಲೈನಲ್ಲಿ ಸೆಮಿನಾರ್ ಮಾಸಪತ್ರಿಕೆಯಲ್ಲಿ, ಸೈನಿಕನಾಗಿ ನೋಡಿದರೆ ಬಹಿರಂಗ ಯುದ್ಧದಲ್ಲಿ ಭಾರತ ಒಂಟಿಯಾಗಿ ಚೀನಾವನ್ನು ಎದುರಿಸಲಾರದು, ದೇಶದ ಭದ್ರತೆಯನ್ನು ರಾಜಕಾರಣಿಗಳೂ ರಾಜತಾಂತ್ರಿಕರೂ ನೋಡಿಕೊಳ್ಳಬೇಕು ಎಂಬರ್ಥದಲ್ಲಿ ಬರೆದರು. ವೀರರೆಂದು ಹೆಸರಾದವರಿಗೆ ಹೀಗೆ ಬರೆಯುವುದು ಸುಲಭವೇ? ಆ ಅಕ್ಟೋಬರ್ 20ರಂದು ಚೀನಾ ದಾಳಿ ಮಾಡಿತು. 1964ರ ಅಕ್ಟೋಬರ್‌ನಲ್ಲಿ ಅದೇ ಚೀನಾ ತನ್ನ ಮೊದಲ ಅಣುಬಾಂಬನ್ನು ಪರೀಕ್ಷಿಸಿತು.

ಆಗ ತಿಮ್ಮಯ್ಯ ಸೈಪ್ರಸ್‌ನಲ್ಲಿ ಗ್ರೀಕರು, ತುರ್ಕರ ನಡುವೆ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿದ್ದರು. 1965ರ ಡಿಸೆಂಬರ್‌ನಲ್ಲಿ ಕರ್ತವ್ಯದಲ್ಲಿದ್ದಾಗಲೇ ಹೃದಯಾಘಾತದಿಂದ ಅಲ್ಲಿ ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು.