ಶಿಷ್ಯವತ್ಸಲ ವಿಜ್ಞಾನಿ ಬರ್ನಾರ್ಡೊ ಹೌಸೇ

ಕೆನಡಾ ದೇಶದ ಟೊರಾಂಟೊ ನಗರದಲ್ಲಿ 1921ರಲ್ಲಿ ಇನ್ಸುಲಿನ್ ಎಂಬ ಸಂಜೀವಿನಿ ದೊರೆತಾಗ ಮಧುಮೇಹದ ಒಳಗುಟ್ಟೆಲ್ಲ ಬಯಲಾಯಿತೆಂದು ಹಲವರು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಈ ರೋಗದ ಸೂತ್ರವು ಮೇದೋಜೀರಕ ಗ್ರಂಥಿಯೊಂದರ ಕೈಯಲ್ಲಿಯೇ ಇಲ್ಲ. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಗಾತ್ರದಲ್ಲಿ ಅಡಗಿರುವ ಪಿಟ್ಯೂಟರಿ ಗ್ರಂಥಿಗೂ ಅದರಲ್ಲಿ ಪಾಲುಂಟು ಎಂಬುದನ್ನು ಸಿದ್ಧಪಡಿಸಿ ತೋರಿಸಿದವರು ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದ ಡಾ. ಬರ್ನಾರ್ಡೊ ಹೌಸೇ ಅವರು. ಇದಕ್ಕಾಗಿ 1947ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕದ ಅರ್ಧಭಾಗ ಅವರಿಗೆ ಸಂದಿತು. ಉಳಿದರ್ಧವನ್ನು ಕಾರ್ಲ್ ಕೋರಿ, ಗರ್ಟಿ ಕೋರಿ ದಂಪತಿಗಳು ಹಂಚಿಕೊಂಡರು. ಆದರೆ ಅಧ್ಯಾಪಕ ಬಂಧುಗಳು ಹೆಚ್ಚು ಮನಗಾಣಬೇಕಾದುದು ಹೌಸೇ ಅವರು ತರುಣ ಸಂಶೋಧಕರನ್ನು ಬೆಳೆಸಿದ ಬಗೆಯನ್ನು.

ಫ್ರಾನ್ಸಿನಿಂದ ವಲಸೆ ಬಂದ ವಕೀಲರೊಬ್ಬರ ಎಂಟು ಮಕ್ಕಳಲ್ಲಿ ಒಬ್ಬರಾಗಿ ಅವರು 1887ರ ಏಪ್ರಿಲ್ 10ರಂದು ಬ್ಯೂನಸ್ ಐರಿಸ್ ನಗರದಲ್ಲಿ ಜನಿಸಿದರು. ಹದಿನಾಲ್ಕರ ಎಳೆಯ ವಯಸ್ಸಿಗೇ ವಿಶ್ವವಿದ್ಯಾನಿಲಯದ ಔಷಧಶಾಸ್ತ್ರ ವಿಭಾಗವನ್ನು ಸೇರಿ 1904ರಲ್ಲಿ ತೇರ್ಗಡೆಯಾದರು. 1911ರಲ್ಲಿ ಪಿಟ್ಯೂಟರಿಯನ್ನೇ ಕುರಿತ ಪ್ರಬಂಧಕ್ಕೆ ವೈದ್ಯ ಪದವಿ ಪಡೆದರು. 1919ರಲ್ಲಿ ವೈದ್ಯ ವಿದ್ಯಾಲಯದಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾಗಿ, ಆ ಶಾಸ್ತ್ರಕ್ಕೆಂದೇ ಒಂದು ಸಂಸ್ಥೆಯನ್ನು ಕಟ್ಟಿದರು. ಬೋಧನೆಯೊಡನೆ ವೈದ್ಯವೃತ್ತಿಯನ್ನೂ ನಡೆಸಿ ಸಂಪಾದಿಸಬಹುದಾಗಿದ್ದ ಕಾಲದಲ್ಲಿ ಅವರು ತಮ್ಮ ಸಮಯವನ್ನೆಲ್ಲ ಪ್ರಯೋಗಶಾಲೆಗೇ ಮುಡಿಪಾಗಿಟ್ಟರು. ಶಿಷ್ಯರಿಂದಲೂ ಅದನ್ನೇ ಬಯಸಿದರು.

ಅವರ ಪ್ರಯೋಗವನ್ನು ನನ್ನಂತಹ ಭಾಷಾಪಂಡಿತನೂ ಗ್ರಹಿಸಬಲ್ಲನು. ಮೇದೋಜೀರಕ ಗ್ರಂಥಿಯನ್ನು ತೆಗೆದ ನಾಯಿಗೆ ಉಗ್ರವಾದ ಮಧುಮೇಹ ತಗಲುತ್ತದೆ. ಅದರ ಪಿಟ್ಯೂಟರಿಯನ್ನೂ ತೆಗೆದರೆ ರೋಗದ ಉಗ್ರತೆ ತಗ್ಗುತ್ತದೆ. ಪಿಟ್ಯೂಟರಿಯ ಮುಂಭಾಗದಿಂದ ತೆಗೆದ ರಸವನ್ನು ಚುಚ್ಚಿದರೆ ಮರಳಿ ಕೆರಳುತ್ತದೆ. ಒಂದು ಗ್ರಂಥಿ ಸಕ್ಕರೆಯನ್ನು ಇಳಿಸುತ್ತಿದ್ದರೆ ಮತ್ತೊಂದು ಅದಕ್ಕೆ ಎದುರಾಗಿ ನಿಂತು ತೂಗಿಸುತ್ತಿದೆ! ನಾಯಿಗಳಲ್ಲಿಯೂ ನೆಲಗಪ್ಪೆಗಳಲ್ಲಿಯೂ ಈ ತತ್ತ್ವವನ್ನು ಪರೀಕ್ಷಿಸುವ ಕಾರ್ಯದಲ್ಲಿ ತರುಣ ಸಹಾಯಕರು ಅವರೊಡನೆ ದುಡಿದರು. ಪಳಗಿದವರನ್ನು ಅವರು ತಮ್ಮ ಬಳಿಯೇ ಕಟ್ಟಿಹಾಕಿಕೊಳ್ಳಲಿಲ್ಲ. ಹುವಾನ್ ಲೂಯಿಸ್ ರೊಸಾರಿಯೊ ನಗರದಲ್ಲಿಯೂ ಆಸ್ಕರ್ ಒರಿಯಾಸ್ ಕಾರ್ಡೊಬಾ ನಗರದಲ್ಲಿಯೂ ಈ ವಿದ್ಯೆಯ ಬೇರುಗಳನ್ನು ಊರಿದರು. ಗುರುಶಿಷ್ಯರು ಕೂಡಿ ಬರೆದ ಶರೀರಕ್ರಿಯಾಶಾಸ್ತ್ರದ ಪಠ್ಯಗ್ರಂಥದಲ್ಲಿ ಶಿಷ್ಯರ ಹೆಸರುಗಳೂ ಗುರುವಿನ ಹೆಸರಿನೊಡನೆ ಅಚ್ಚಾದುವು. ನಮ್ಮಲ್ಲಿ ಎಷ್ಟು ಗ್ರಂಥಗಳಿಗೆ ಈ ಭಾಗ್ಯವುಂಟು?

1943ರಲ್ಲಿ ವಿಪತ್ತು ಬಂದೊದಗಿತು. ದೇಶದಲ್ಲಿ ಸೇನೆಯ ಆಡಳಿತವಿದ್ದಾಗ ನಿಜವಾದ ಪ್ರಜಾಪ್ರಭುತ್ವವನ್ನು ಬೇಡಿದ ಮನವಿಯೊಂದಕ್ಕೆ ಹೌಸೇ ಸಹಿ ಹಾಕಿದರು. ಇಪ್ಪತ್ತನಾಲ್ಕು ವರ್ಷ ಕಟ್ಟಿ ಬೆಳೆಸಿದ ಸಂಸ್ಥೆಯಿಂದ ಅವರನ್ನು ಹೊರಹಾಕಲಾಯಿತು. ವಿದೇಶಗಳಿಂದ ಆಹ್ವಾನಗಳು ಬಂದುವು. ಅವರು ಒಪ್ಪಲಿಲ್ಲ. ಒಪ್ಪಿದ್ದರೆ ಅವರಿಗೆ ಸುಖವಿತ್ತು. ಅವರನ್ನೇ ನಂಬಿ ಹುದ್ದೆ ತೊರೆದ ತರುಣರಿಗೆ? ಸೌಬೆರಾನ್ ಪ್ರತಿಷ್ಠಾನವೇ ಮೊದಲಾದ ದಾನಿಗಳ ನೆರವಿನಿಂದ 1944ರಲ್ಲಿ ಒಂದು ಮನೆಯಲ್ಲಿಯೇ ಖಾಸಗಿ ಸಂಶೋಧನಾಲಯವು ತೆರೆಯಿತು. ಬ್ರೌನ್ ಮೆನೆಂಡೆಸ್, ಫೋಲಿಯಾ ಮೊದಲಾದ ಶಿಷ್ಯರು ಅಲ್ಲಿಗೇ ಬಂದು ಸೇರಿದರು. ಮೇದೋಜೀರಕದ ಬಹುಭಾಗವನ್ನು ತೆಗೆದ ಇಲಿಗಳಲ್ಲಿ ಮಧುಮೇಹವು ಮೆಲ್ಲಮೆಲ್ಲನೆ ತಲೆದೋರುವುದನ್ನು ಫೋಲಿಯಾ ವಿವರವಾಗಿ ಅಭ್ಯಸಿಸಿದರು. 1945ರಲ್ಲಿ ಹೌಸೇ ಅವರಿಗೆ ಹುದ್ದೆ ಮರಳಿ ದೊರೆತರೂ ಮರುವರ್ಷವೇ ತಪ್ಪಿತು. ಅದು ಸ್ಥಿರವಾಗಿ ದೊರೆಯಲು 1955 ಬರಬೇಕಾಯಿತು. ನೊಬೆಲ್ ಗೌರವ ಬಂದಾಗ ಅವರು ವಿಶ್ವವಿದ್ಯಾನಿಲಯದ ಹೊರಗೇ ಇದ್ದರು.

ಶಿಷ್ಯರಲ್ಲಿ ಲೂಯಿಸ್ ಲೆಲ್ವಾರ್ ಅವರ ಕಥೆ ವಿಶೇಷವಾದುದು. ಅಡ್ರಿನಲ್ ಗ್ರಂಥಿಗೂ ಸಕ್ಕರೆಯ ಪರಿಣಾಮಕ್ಕೂ ಇರುವ ಸಂಬಂಧವನ್ನು ಕುರಿತು ಹೌಸೇ ಅವರ ಮಾರ್ಗದರ್ಶನದಲ್ಲಿ ಪ್ರಬಂಧ ಬರೆದ ಇವರು 1936ರಲ್ಲಿ ಕೇಂಬ್ರಿಜ್‌ಗೆ ಹೋಗಿ ಜೀವರಸಾಯನವನ್ನು ಕಲಿತು ಮರಳಿದರು. ಗುರುವಿನ ಪದಚ್ಯುತಿಯಾದಾಗ ತಾವೂ ಹೊರಬಿದ್ದು ಅಮೆರಿಕಕ್ಕೆ ತೆರಳಿ ಕೋರಿ ದಂಪತಿಗಳ ಪ್ರಯೋಗಶಾಲೆಯಲ್ಲಿಯೂ ದುಡಿದರು. ಮತ್ತೆ ಗುರುವಿನ ಬಳಿಗೇ ಬಂದರು. ಆಗ ಜವಳಿ ಉದ್ಯಮಿ ಹೈಮೆ ಕ್ಯಾಂಪೊಮಾರ್ ಅವರು ಜೀವರಸಾಯನಕ್ಕಾಗಿ ಧನವನ್ನು ವಿನಿಯೋಗಿಸಲು ಬಯಸಿ ಹೌಸೇ ಅವರ ಸಲಹೆ ಕೇಳಿದರು. ಸರ್ಕಾರದ ಆಶ್ರಯವಿಲ್ಲದ ಹೌಸೇ ಆ ಧನವನ್ನು ತಮ್ಮ ಸಂಶೋಧನಾಲಯಕ್ಕೇ ಬೇಡಬಹುದಿತ್ತು. ಅವರು ಲೆಲ್ವಾರರ ಹೆಸರನ್ನು ಸೂಚಿಸಿದರು. 1947ರಲ್ಲಿ ಗುರುವಿನ ಸಂಶೋಧನಾಲಯದ ಪಕ್ಕದಲ್ಲಿಯೇ ಪುಟ್ಟ ಮನೆಯೊಂದರಲ್ಲಿ ಶಿಷ್ಯನ ಸಂಸ್ಥೆ ಆರಂಭವಾಯಿತು. ದೇಹವು ಸಕ್ಕರೆಯನ್ನು ಗ್ಲೈಕೊಜನ್ ರೂಪದಲ್ಲಿ ಕೂಡಿಡುವ ದಾರಿ ಮುಂದೆ ಲೆಲ್ವಾರರ ಈ ಸಂಸ್ಥೆಯಲ್ಲಿಯೇ ತಿಳಿದುಬಂತು.

1958ರಲ್ಲಿ ಅರ್ಜೆಂಟೀನಾದ ರಾಷ್ಟ್ರೀಯ ವಿಜ್ಞಾನ ಸಂಶೋಧನಾ ಮಂಡಳಿ ಸ್ಥಾಪನೆಯಾದಾಗ ಹೌಸೇ ಅವರೇ ಅದರ ಮೊದಲ ಅಧ್ಯಕ್ಷರಾದರು. ತರುಣರಿಗೆ ವಿದ್ಯಾರ್ಥಿವೇತನವನ್ನೂ ಸಂಶೋಧನೆಯನ್ನೇ ಜೀವನವೃತ್ತಿಯಾಗಿ ಹಿಡಿಯಬಲ್ಲ ಸ್ಥಾನಮಾನವನ್ನೂ ಆ ಮಂಡಳಿ ಏರ್ಪಡಿಸಿತು. 1970ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ಲೆಲ್ವಾರರಿಗೆ ಬಂದಾಗ ಗುರುವಿಗೆ ಎಂಬತ್ತಮೂರು ವರ್ಷ. ಮರುವರ್ಷ ಸೆಪ್ಟೆಂಬರ್ 21ರಂದು ಹೌಸೇ ಅವರು ತಾವು ಹುಟ್ಟಿದ ನಗರದಲ್ಲಿಯೇ ದೈವಾಧೀನರಾದರು. ಅವರು ಜನಿಸಿದ ಏಪ್ರಿಲ್ 10ನೆಯ ದಿನವನ್ನು ಅರ್ಜೆಂಟೀನಾದಲ್ಲಿ ವಿಜ್ಞಾನ ಸಂಶೋಧಕರ ದಿನವೆಂದು ಆಚರಿಸುತ್ತಾರೆ.